ನಾಡಿಗೆ ಪ್ರೋಗ್ರಾಂ ಕಲಿಸಿದ ‘ಬೀಬ್’

ಸ್ವಿಚ್ ಹಾಕಿದರೆ ಎರಡು ಸ್ವರದ ಸದ್ದೊಂದು ಕೇಳುತ್ತದೆ. ಮೊದಲನೆಯದು ತಗ್ಗು, ಎರಡನೆಯದು ಏರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲು, ಅದರ ಕೆಳಗೆ ‘ಬೇಸಿಕ್’ ಎಂಬ ಪದ, ಅದಕ್ಕೂ ಕೆಳಗೆ ಒಂದು ಬಾಣದ ಗುರುತು, ಪಕ್ಕದಲ್ಲಿ ಮಿನುಗುವ ಪುಟ್ಟ ಗೆರೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಒತ್ತಲು ಚಿತ್ರಗಳಿಲ್ಲ, ಆರಿಸಲು ಪಟ್ಟಿಯಿಲ್ಲ, ಮೌಸ್ ಇಲ್ಲ. ಮುಂದೆ ಏನಾಗಬೇಕೋ ಅದನ್ನು ಎದುರಿಗೆ ಕೂತವರೇ ಬರೆಯಬೇಕು.

ಈ ಯಂತ್ರದ ಪೂರ್ತಿ ಹೆಸರು ಬಿಬಿಸಿ ಮೈಕ್ರೊಕಂಪ್ಯೂಟರ್. ಬಳಸಿದವರು ಪ್ರೀತಿಯಿಂದ ಕರೆದದ್ದು ‘ಬೀಬ್’. ಮಾಡಿದ್ದು ಕೇಂಬ್ರಿಜ್ ಊರಿನ ಏಕಾರ್ನ್ ಎಂಬ ಪುಟ್ಟ ಕಂಪನಿ. 1981ರ ಡಿಸೆಂಬರಿನಲ್ಲಿ ಹೊರಬಂದಾಗ 12 ಸಾವಿರ ಮಾರಾಟವಾದರೆ ಸಾಕು ಎಂಬ ಎಣಿಕೆಯಿತ್ತು. 1994ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 15 ಲಕ್ಷಕ್ಕೂ ಹೆಚ್ಚು ಬೀಬ್‌ಗಳು ಮನೆಗಳನ್ನೂ ಶಾಲೆಗಳನ್ನೂ ಸೇರಿದ್ದವು. ಅದೇ ಕಾಲದ ಸಿಂಕ್ಲೇರ್ ಸ್ಪೆಕ್ಟ್ರಂ ಇದಕ್ಕಿಂತ ಅಗ್ಗ, ಅಮೆರಿಕದ ಕಮಡೋರ್ 64 ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಖರ್ಚಾಯಿತು. ಆದರೆ ಒಂದು ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆ ತನ್ನ ಜನರಿಗೆ ಪ್ರೋಗ್ರಾಂ ಬರೆಯಲು ಕಲಿಸಬೇಕೆಂದು ಹೊರಟು, ಆ ಪಾಠಕ್ಕೆಂದೇ ಮಾಡಿಸಿದ ಕಂಪ್ಯೂಟರು ಇದು. ಹಡಗು ಹತ್ತಿ ನಮ್ಮ ದೇಶದ ಶಾಲೆಗಳಿಗೂ ಬಂತು.

ಹಳೆಯ ಮನೆಗಣಕಗಳ ನೆನಪು ಈಗ ಜಗತ್ತಿನಾದ್ಯಂತ ದೊಡ್ಡ ಹವ್ಯಾಸ. ನಲವತ್ತು ವರ್ಷ ಹಳೆಯ ಕೀಲಿಮಣೆಗಳನ್ನು ತೊಳೆದು ಒಣಗಿಸುವವರು, ಹಳೇ ಕ್ಯಾಸೆಟ್ಟುಗಳಿಂದ ಪ್ರೋಗ್ರಾಂಗಳನ್ನು ಹೊರತೆಗೆಯುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಇದನ್ನು ಬಾಲ್ಯದ ಹಂಬಲ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ಆ ತಲೆಮಾರಿನ ಕೈಯಲ್ಲಿ ಒಂದು ಹಕ್ಕಿತ್ತು: ಮನೆಗೆ ತಂದ ಯಂತ್ರವನ್ನು ತುದಿಯಿಂದ ಬುಡದವರೆಗೆ ತಿಳಿಯುವ, ತನಗೆ ಬೇಕಾದ್ದನ್ನು ಅದರಿಂದ ಮಾಡಿಸಿಕೊಳ್ಳುವ ಹಕ್ಕು. ಇಂದಿನ ಮಕ್ಕಳ ಕೈಯಲ್ಲಿರುವ ಫೋನು ಬೀಬ್‌ಗಿಂತ ಸಾವಿರಾರು ಪಟ್ಟು ಬಲಶಾಲಿ. ಆದರೆ ಆ ಹಕ್ಕು ಅದರ ಜೊತೆಗೆ ಬಂದಿಲ್ಲ.

ಐದು ದಿನದ ಕೆಲಸ

1978ರಲ್ಲಿ ಬಿಬಿಸಿಯ ‘ಹೊರೈಜನ್’ ಸಾಕ್ಷ್ಯಚಿತ್ರ ಮಾಲೆಯಲ್ಲಿ ಸಿಲಿಕಾನ್ ಚಿಪ್ಪಿನ ಬಗ್ಗೆ ಒಂದು ಕಂತು ಬಂತು. ಈ ಚಿಪ್ಪು ಕಾರ್ಖಾನೆ, ಕಚೇರಿಗಳಿಗೆ ಕಾಲಿಟ್ಟರೆ ದುಡಿಯುವವರ ಗತಿಯೇನು ಎಂದು ಅದು ಕೇಳಿತ್ತು. ಬ್ರಿಟನ್ನಿನಲ್ಲಿ ಅದು ಎಬ್ಬಿಸಿದ ಕಳವಳ ಸಣ್ಣದಲ್ಲ. ಬಿಬಿಸಿಯ ಶಿಕ್ಷಣ ವಿಭಾಗದವರು ಮುಂದಿನ ಹೆಜ್ಜೆ ಯೋಚಿಸಿದರು. ಹೆದರಿದ ಜನರಿಗೆ ಇನ್ನೊಂದು ಎಚ್ಚರಿಕೆ ಕೊಟ್ಟು ಪ್ರಯೋಜನವಿಲ್ಲ. ಕಂಪ್ಯೂಟರ್ ಎಂದರೇನು, ಅದನ್ನು ಹೇಗೆ ಆಳುವುದು ಎಂದು ಮನೆಮನೆಗೂ ಕಲಿಸಬೇಕು. ‘ಕಂಪ್ಯೂಟರ್ ಸಾಕ್ಷರತಾ ಯೋಜನೆ’ ಹುಟ್ಟಿದ್ದು ಹೀಗೆ. ಟಿವಿ ಪಾಠ, ಪುಸ್ತಕ, ಅಂಚೆ ಶಿಕ್ಷಣ, ಇವುಗಳ ಜೊತೆಗೆ ಒಂದು ಕಂಪ್ಯೂಟರು.

ಕಂಪ್ಯೂಟರು ಯಾಕೆ ಬೇಕಿತ್ತು? ಆಗ ಪೇಟೆಯಲ್ಲಿದ್ದ ಒಂದೊಂದು ಯಂತ್ರವೂ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆಯನ್ನು ತನ್ನದೇ ಬಗೆಯಲ್ಲಿ ಮಾತಾಡುತ್ತಿತ್ತು. ಟಿವಿಯಲ್ಲಿ ತೋರಿಸಿದ ನಾಲ್ಕು ಸಾಲು ನೋಡುಗರ ಮನೆಯ ಯಂತ್ರದಲ್ಲಿ ನಡೆಯುತ್ತದೆಂಬ ಭರವಸೆ ಇರಲಿಲ್ಲ. ಪಾಠವೂ ಅಭ್ಯಾಸವೂ ಒಂದೇ ಯಂತ್ರದ ಮೇಲೆ ಆಗಬೇಕಿತ್ತು. ಬಿಬಿಸಿ ಮೊದಲು ಆರಿಸಿಕೊಂಡ ‘ನ್ಯೂಬ್ರೇನ್’ ಎಂಬ ಯಂತ್ರ ಹೊತ್ತಿಗೆ ಸಿದ್ಧವಾಗುವ ಲಕ್ಷಣ ಕಾಣಲಿಲ್ಲ. ಹಾಗಾಗಿ 1981ರ ಆರಂಭದಲ್ಲಿ ತನಗೇನು ಬೇಕು ಎಂಬ ವಿವರವನ್ನು ಬೇರೆ ಕಂಪನಿಗಳ ಮುಂದಿಟ್ಟಿತು.

ಏಕಾರ್ನ್ ಕಂಪನಿಯನ್ನು 1978ರಲ್ಲಿ ಕಟ್ಟಿದವರು ಇಬ್ಬರು: ಆಸ್ಟ್ರಿಯಾದಿಂದ ಬಂದಿದ್ದ ಭೌತವಿಜ್ಞಾನಿ ಹರ್ಮನ್ ಹೌಸರ್ ಮತ್ತು ಅದುವರೆಗೆ, ಮುಂದೆ ಸ್ಪೆಕ್ಟ್ರಂ ತಂದ ಕ್ಲೈವ್ ಸಿಂಕ್ಲೇರ್ ಬಳಿ ದುಡಿದಿದ್ದ ಕ್ರಿಸ್ ಕರಿ. ಬಿಬಿಸಿಯವರು ಶುಕ್ರವಾರ ಬರುತ್ತಾರೆ ಎಂದಾಗ ಇವರ ಬಳಿ ಇದ್ದದ್ದು ಮುಂದಿನ ಯಂತ್ರದ ಕರಡು ಯೋಚನೆ ಮಾತ್ರ. ಹೌಸರ್ ಒಂದು ಉಪಾಯ ಹೂಡಿದರು. ಏಕಾರ್ನ್‌ಗೆ ಯಂತ್ರ ವಿನ್ಯಾಸ ಮಾಡುತ್ತಿದ್ದ ಸ್ಟೀವ್ ಫರ್ಬರ್‌ಗೆ ಫೋನ್ ಮಾಡಿ, ವಾರದೊಳಗೆ ಮಾದರಿ ಕಟ್ಟಬಹುದೆಂದು ಜೊತೆಗಾರ್ತಿ ಸೋಫಿ ವಿಲ್ಸನ್ ಒಪ್ಪಿದ್ದಾರೆ ಎಂದರು. ಸೋಫಿ ವಿಲ್ಸನ್‌ಗೆ ಫೋನ್ ಮಾಡಿ, ಫರ್ಬರ್ ಒಪ್ಪಿದ್ದಾರೆ ಎಂದರು. ಇಬ್ಬರೂ ಒಪ್ಪಿರಲಿಲ್ಲ. ಆದರೂ ಸೋಮವಾರ ಕೆಲಸ ಶುರುವಾಯಿತು. ಹಗಲು ರಾತ್ರಿ ದುಡಿದು ಗುರುವಾರ ರಾತ್ರಿ ಮುಗಿಸಿದ ಮಾದರಿ ಮಾತ್ರ ಏನು ಮಾಡಿದರೂ ಜೀವ ತಳೆಯಲಿಲ್ಲ. ಶುಕ್ರವಾರ ಬೆಳಗಿನ ಜಾವ, ಅದನ್ನು ಪರೀಕ್ಷಿಸಲು ಬಳಸುತ್ತಿದ್ದ ಇನ್ನೊಂದು ಯಂತ್ರಕ್ಕೆ ಹೋಗುವ ಕೇಬಲ್ಲನ್ನೇ ಕಿತ್ತುಬಿಡಿ ಎಂದು ಹೌಸರ್ ಸೂಚಿಸಿದರು. ಕಿತ್ತರು, ಯಂತ್ರ ಓಡಿತು. ಅತಿಥಿಗಳು ಬರುವಷ್ಟರಲ್ಲಿ ವಿಲ್ಸನ್ ಅದರ ಮೇಲೆ ಬೇಸಿಕ್ ಕೂರಿಸಿದ್ದರು. ಗುತ್ತಿಗೆ ಏಕಾರ್ನ್‌ಗೆ ಸಿಕ್ಕಿತು. ತನಗೇ ಸಿಗಬೇಕಿತ್ತು ಎಂದು ಸಿಂಕ್ಲೇರ್ ಬಹುಕಾಲ ಕೊರಗಿದರು.

1982ರ ಜನವರಿ 11ರಂದು ‘ದಿ ಕಂಪ್ಯೂಟರ್ ಪ್ರೋಗ್ರಾಂ’ ಎಂಬ ಮಾಲೆ ಬಿಬಿಸಿಯಲ್ಲಿ ಶುರುವಾಯಿತು. ನಿರೂಪಕ ಕ್ರಿಸ್ ಸರ್ಲ್ ಏನೂ ತಿಳಿಯದವರ ಪರವಾಗಿ ಪ್ರಶ್ನೆ ಕೇಳುತ್ತಿದ್ದರು. ಪರ್ವತಾರೋಹಿಯೆಂದೂ ಹೆಸರಾಗಿದ್ದ ಇಯಾನ್ ಮೆಕ್‌ನಾಟ್-ಡೇವಿಸ್ ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದರು. ಸರ್ಕಾರವೂ ಕೈಜೋಡಿಸಿತು. ಶಾಲೆಗಳು ಕಂಪ್ಯೂಟರ್ ಕೊಂಡರೆ ಅರ್ಧ ಬೆಲೆಯನ್ನು ಅದು ಕೊಡುತ್ತಿತ್ತು. ಟಿವಿ, ಶಾಲೆ, ಸರ್ಕಾರ ಮೂರೂ ಒಂದೇ ಕಡೆ ಮುಖಮಾಡಿದ್ದು ಅಪರೂಪ. ಬೀಬ್‌ನ ಯಶಸ್ಸಿಗೆ ಅದರ ಚಿಪ್ಪಿಗಿಂತ ಇದೇ ದೊಡ್ಡ ಕಾರಣ.

32 ಕಿಲೋಬೈಟಿನ ಸಂಸಾರ

‘ಬಿ’ ಮಾದರಿಯ ಬೀಬ್‌ನಲ್ಲಿದ್ದ ಮೆಮೊರಿ 32 ಕಿಲೋಬೈಟ್. ಇಂದು ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ನೀವು ಓದುತ್ತಿರುವ ಈ ಲೇಖನವೇ ಇಡಿಯಾಗಿ ಅದರಲ್ಲಿ ಹಿಡಿಸುವುದಿಲ್ಲ. ಆ 32ರಲ್ಲೂ ಎಲ್ಲವೂ ಬರೆಯುವವರ ಕೈಗೆ ಸಿಗುತ್ತಿರಲಿಲ್ಲ. ಯಂತ್ರ ತನ್ನ ಸ್ವಂತದ ಲೆಕ್ಕಾಚಾರಕ್ಕೆ ಮೂರೂವರೆ ಕಿಲೋಬೈಟ್ ಇಟ್ಟುಕೊಳ್ಳುತ್ತಿತ್ತು. ಉಳಿದದ್ದರಲ್ಲಿ ಪರದೆಯ ಪಾಲು ಎಷ್ಟೆಂಬುದು ನೀವು ಆರಿಸಿದ ‘ಮೋಡ್’ ಮೇಲೆ ನಿಂತಿತ್ತು. ಬಣ್ಣ ಬಣ್ಣದ ಚಿತ್ರ ಬೇಕೆಂದು ಮೋಡ್ 2ಕ್ಕೆ ಹೋದರೆ ಪರದೆಯೊಂದೇ 20 ಕಿಲೋಬೈಟ್ ನುಂಗುತ್ತಿತ್ತು. ಪ್ರೋಗ್ರಾಂ ಬರೆಯಲು ಉಳಿಯುತ್ತಿದ್ದದ್ದು ಎಂಟೂವರೆ. ಬರೀ ಅಕ್ಷರಗಳ ಮೋಡ್ 7 ಸಾಕು ಎಂದರೆ ಪರದೆಗೆ ಒಂದೇ ಕಿಲೋಬೈಟ್. ಬಣ್ಣ ಬೇಕೋ, ಬುದ್ಧಿ ಬೇಕೋ? ಹನ್ನೆರಡು ವರ್ಷದ ಹುಡುಗ ಹುಡುಗಿಯರು ದಿನವೂ ಇಂಥ ತೀರ್ಮಾನ ತೆಗೆದುಕೊಳ್ಳುತ್ತಿದ್ದರು. ಇಂಜಿನಿಯರಿಂಗ್ ಎಂದರೆ ಇದೇ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೇಸಿಕ್ ಭಾಷೆ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ. ಗಣಿತದ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಅದನ್ನು ರೂಪಿಸಿದ್ದು ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಎಂದು. ಪ್ರತಿ ಸಾಲಿಗೂ ಒಂದು ಸಂಖ್ಯೆ; ಸಾಲುಗಳು ಸಂಖ್ಯೆಯ ಕ್ರಮದಲ್ಲಿ ನಡೆಯುತ್ತವೆ. ಹತ್ತು, ಇಪ್ಪತ್ತು, ಮೂವತ್ತು ಎಂದು ಬಿಡಿಬಿಡಿಯಾಗಿ ಸಂಖ್ಯೆ ಕೊಡುವುದು ರೂಢಿ. ನಡುವೆ ಮರೆತ ಸಾಲನ್ನು ಆಮೇಲೆ ತೂರಿಸಲು ಜಾಗ ಬೇಕಲ್ಲ! ‘10 ಪ್ರಿಂಟ್’ ಎಂದು ತನ್ನ ಹೆಸರು ಬರೆದು, ‘20 ಗೋಟು 10’ ಎಂದು ಸೇರಿಸಿ, ‘ರನ್’ ಎಂದರೆ ಪರದೆ ತುಂಬ ಆ ಹೆಸರು ಹರಿಯುತ್ತಿತ್ತು. ಬ್ರಿಟನ್ನಿನ ಅಂಗಡಿಗಳಲ್ಲಿ ಪ್ರದರ್ಶನಕ್ಕಿಟ್ಟ ಕಂಪ್ಯೂಟರುಗಳ ಮೇಲೆ ಹುಡುಗರು ಇದನ್ನು ಬರೆದು ಓಡಿಹೋಗುತ್ತಿದ್ದರು. ಎಷ್ಟೋ ಮಂದಿಯ ಮೊದಲ ಪ್ರೋಗ್ರಾಂ ಅದೇ.

ಸೋಫಿ ವಿಲ್ಸನ್ ಬರೆದ ಬಿಬಿಸಿ ಬೇಸಿಕ್ ಅಲ್ಲಿಗೆ ನಿಲ್ಲಲಿಲ್ಲ. ಗೋಟು ಹಾಕಿ ಹಿಂದಕ್ಕೂ ಮುಂದಕ್ಕೂ ಜಿಗಿಸಿದರೆ ದೊಡ್ಡ ಪ್ರೋಗ್ರಾಂ ಗೋಜಲಾಗುತ್ತದೆ. ಅದಕ್ಕಾಗಿ ಕೆಲಸದ ಒಂದು ತುಂಡಿಗೆ ಹೆಸರಿಟ್ಟು, ಬೇಕಾದಾಗ ಹೆಸರು ಹಿಡಿದು ಕರೆಯುವ ಸೌಕರ್ಯವನ್ನು ಅವರು ಇದರಲ್ಲಿ ಕೊಟ್ಟರು. ಒಂದು ತುಂಡಿನೊಳಗಿನ ಬೆಲೆಗಳು ಇನ್ನೊಂದಕ್ಕೆ ತಾಗದಂತೆ ಕಾಯುವ ವ್ಯವಸ್ಥೆಯೂ ಇತ್ತು. ಇನ್ನೂ ವೇಗ ಬೇಕೆಂದವರು ಬೇಸಿಕ್ ಸಾಲುಗಳ ನಡುವೆಯೇ ಚೌಕ ಆವರಣ ತೆರೆದು, ಒಳಗಿನ 6502 ಪ್ರಾಸೆಸರಿಗೆ ಅದರ ಭಾಷೆಯಲ್ಲೇ ಆಜ್ಞೆ ಕೊಡಬಹುದಿತ್ತು. ಅಂಗಳದಲ್ಲಿ ಆಡುತ್ತಿದ್ದ ಮಗು ಬಾಗಿಲು ತಳ್ಳಿ ನಡುಮನೆಗೂ ಅಡುಗೆಮನೆಗೂ ಹೋಗಿಬರುವಂತೆ, ಇಲ್ಲಿ ಯಾವ ಕೋಣೆಗೂ ಬೀಗವಿರಲಿಲ್ಲ.

ಯಂತ್ರದ ಜೊತೆ ಬರುತ್ತಿದ್ದ, ಸುರುಳಿ ತಂತಿಯಿಂದ ಹೊಲಿದ ‘ಯೂಸರ್ ಗೈಡ್’ ಎಂಬ ದಪ್ಪ ಕೈಪಿಡಿಯನ್ನು ಇಲ್ಲಿ ನೆನೆಯಲೇಬೇಕು. ಜಾನ್ ಕಾಲ್ ಬರೆದ ಆ ಪುಸ್ತಕ ಪ್ರತಿ ಪದದ ಅರ್ಥ, ಬಳಕೆ, ಉದಾಹರಣೆ, ಮೆಮೊರಿಯ ನಕ್ಷೆ ಎಲ್ಲವನ್ನೂ ಓದುಗರ ಮುಂದೆ ಹರಡಿತ್ತು. ಸಿಂಕ್ಲೇರ್ ಸ್ಪೆಕ್ಟ್ರಮ್ಮಿಗೆ ಸ್ಟೀವನ್ ವಿಕರ್ಸ್ ಬರೆದ ಕೈಪಿಡಿಯೂ ಅಷ್ಟೇ ಸೊಗಸು. ಕೊಂಡವರು ದಡ್ಡರಲ್ಲ ಎಂದು ನಂಬಿ ಬರೆದ ಪುಸ್ತಕಗಳವು. ಇಂದು ಫೋನಿನ ಡಬ್ಬಿಯಲ್ಲಿ ಸಿಗುವ ಮಡಿಚಿದ ಹಾಳೆಯಲ್ಲಿ ಮುಕ್ಕಾಲು ಪಾಲು ಎಚ್ಚರಿಕೆಗಳೇ.

ಎಂಟೂವರೆ ಕಿಲೋಬೈಟಿನಲ್ಲಿ, ಇಪ್ಪತ್ತು ಕಿಲೋಬೈಟಿನಲ್ಲಿ ಏನು ಮಾಡಲಾದೀತು ಎಂಬ ಅನುಮಾನ ಬರಬಹುದು. 1984ರಲ್ಲಿ ಕೇಂಬ್ರಿಜ್ಜಿನ ಇಬ್ಬರು ವಿದ್ಯಾರ್ಥಿಗಳು, ಇಯಾನ್ ಬೆಲ್ ಮತ್ತು ಡೇವಿಡ್ ಬ್ರೇಬನ್, ‘ಎಲೀಟ್’ ಎಂಬ ಆಟವನ್ನು ಬೀಬ್‌ಗೆ ಬರೆದರು. ಬಾಹ್ಯಾಕಾಶದಲ್ಲಿ ಹಡಗು ನಡೆಸುತ್ತ ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸಿ ವ್ಯಾಪಾರ ಮಾಡುವ ಆಟ. ಎಂಟು ಗೆಲಾಕ್ಸಿ, ಒಂದೊಂದರಲ್ಲೂ 256 ಗ್ರಹ; ಪ್ರತಿ ಗ್ರಹಕ್ಕೂ ಹೆಸರು, ಆಡಳಿತ, ಮಾರುಕಟ್ಟೆ. ಇಷ್ಟನ್ನೆಲ್ಲ ಎಲ್ಲಿ ಕೂಡಿಟ್ಟರು? ಎಲ್ಲಿಯೂ ಇಲ್ಲ. ಆರು ಬೈಟಿನ ಒಂದು ಬೀಜಸಂಖ್ಯೆಯಿಂದ, ಕೂಡುತ್ತ ಹೋಗುವ ಒಂದು ಸರಳ ಗಣಿತದ ನಿಯಮದಿಂದ, ಬೇಕಾದ ಗ್ರಹವನ್ನು ಬೇಕಾದಾಗ ಹುಟ್ಟಿಸುತ್ತಿದ್ದರು. ನಿಯಮ ಒಂದೇ ಆದ್ದರಿಂದ ಪ್ರತಿ ಸಲವೂ ಅದೇ ಗ್ರಹ ಬರುತ್ತಿತ್ತು. ಮೆಮೊರಿ ಉಳಿಸಲು ಪರದೆಯ ಮೇಲುಭಾಗವನ್ನು ಒಂದು ಮೋಡ್‌ನಲ್ಲಿ, ಕೆಳಗಿನ ಉಪಕರಣ ಫಲಕವನ್ನು ಇನ್ನೊಂದರಲ್ಲಿ ಬಿಡಿಸಿದರು. ಟಿವಿಯ ಕಿರಣ ಮೇಲಿನಿಂದ ಕೆಳಗಿಳಿಯುವ ನಡುವೆಯೇ ಮೋಡ್ ಬದಲಾಗುತ್ತಿತ್ತು. ಬಡತನದಲ್ಲಿ ಜಾಣ್ಮೆ ಹುಟ್ಟುತ್ತದೆಂದು ಬಡತನವನ್ನು ಹೊಗಳುವುದು ನನಗೆ ಹಿಡಿಸದು. ಆದರೂ ಎಲೀಟ್ ಮಾತ್ರ ಆ 32 ಕಿಲೋಬೈಟಿನ ಗೋಡೆಗಳಿಲ್ಲದೆ ಹುಟ್ಟುತ್ತಿರಲಿಲ್ಲ.

ಕ್ಯಾಸೆಟ್ಟಿನ ಕಾಲ

ಬರೆದ ಪ್ರೋಗ್ರಾಂ ಉಳಿಸಲು ಬಹುತೇಕ ಮನೆಗಳಲ್ಲಿ ಇದ್ದದ್ದು ಹಾಡು ಕೇಳುವ ಟೇಪ್ ರೆಕಾರ್ಡರ್. ಬೈಟುಗಳು ಸದ್ದಾಗಿ ಕ್ಯಾಸೆಟ್ ಸೇರುತ್ತಿದ್ದವು. ಬೀಬ್‌ನಲ್ಲಿ ಸೊನ್ನೆ ಎಂದರೆ 1200 ಹರ್ಟ್ಜ್ ಸ್ವರದ ಒಂದು ಅಲೆ, ಒಂದು ಎಂದರೆ 2400 ಹರ್ಟ್ಜ್ ಸ್ವರದ ಎರಡು ಅಲೆ. ಹೀಗೆ ಸೆಕೆಂಡಿಗೆ ಸುಮಾರು 120 ಬೈಟ್ ಹರಿಯುತ್ತಿತ್ತು. 20 ಕಿಲೋಬೈಟಿನ ಆಟವೊಂದು ಟೇಪಿನಿಂದ ಏರಲು ಮೂರು ನಿಮಿಷಕ್ಕೂ ಹೆಚ್ಚು ಬೇಕು. ಎಲ್ಲೋ ಒಂದು ಕಡೆ ಟೇಪು ಸುಕ್ಕಾಗಿದ್ದರೆ ತುಸು ಹಿಂದಕ್ಕೆ ಸುತ್ತಿ ಮತ್ತೆ ಪ್ರಯತ್ನಿಸಬೇಕು. ಯಂತ್ರದೊಳಗಿನ ರಿಲೇ ಟಕ್ ಎಂದು ಸದ್ದು ಮಾಡಿ ಟೇಪಿನ ಮೋಟಾರನ್ನು ತಾನೇ ನಿಲ್ಲಿಸುತ್ತಿತ್ತು, ತಾನೇ ಓಡಿಸುತ್ತಿತ್ತು.

ಪ್ರೋಗ್ರಾಂ ಸದ್ದೇ ಆದಮೇಲೆ ಅದನ್ನು ಆಕಾಶವಾಣಿಯಲ್ಲೂ ಕಳಿಸಬಹುದು! ನೆದರ್ಲೆಂಡ್ಸಿನ ರೇಡಿಯೊ ಹಾಗೆಯೇ ಮಾಡಿತು. ಬೇರೆ ಬೇರೆ ಯಂತ್ರಗಳಲ್ಲೂ ನಡೆಯುವ ‘ಬೇಸಿಕೋಡ್’ ಎಂಬ ಸಮಾನ ರೂಪವನ್ನು ಅಲ್ಲಿನವರು ಕಟ್ಟಿ, ವಾರ ವಾರವೂ ಪ್ರೋಗ್ರಾಂಗಳನ್ನು ಪ್ರಸಾರ ಮಾಡಿದರು; ಕೇಳುಗರು ಕ್ಯಾಸೆಟ್ಟಿಗೆ ಮುದ್ರಿಸಿಕೊಂಡು ತಮ್ಮ ಯಂತ್ರಕ್ಕೆ ಉಣಿಸಿದರು. ಬಿಬಿಸಿ ರೇಡಿಯೊ ಕೂಡ ಇದನ್ನು ಪ್ರಯತ್ನಿಸಿತು. ಟಿವಿಯ ಟೆಲಿಟೆಕ್ಸ್ಟ್ ಪುಟಗಳ ಮೂಲಕವೂ ಪ್ರೋಗ್ರಾಂಗಳು ಮನೆಗಿಳಿದವು. ಇಂಟರ್ನೆಟ್ ಹೆಸರು ಕೇಳಿರದ ದಿನಗಳಲ್ಲಿ ಸಾಫ್ಟ್‌ವೇರು ಗಾಳಿಯಲ್ಲಿ ಉಚಿತವಾಗಿ ಹರಿದಿತ್ತು.

ಉಳಿದ ದಾರಿ ಪತ್ರಿಕೆಗಳದ್ದು. ‘ಏಕಾರ್ನ್ ಯೂಸರ್’, ‘ದಿ ಮೈಕ್ರೊ ಯೂಸರ್’ ಮುಂತಾದ ಮಾಸಿಕಗಳು ಪುಟಗಟ್ಟಲೆ ಪ್ರೋಗ್ರಾಂ ಅಚ್ಚು ಹಾಕುತ್ತಿದ್ದವು. ಓದುಗರು ಅದನ್ನು ಸಾಲು ಸಾಲಾಗಿ ತಾವೇ ಟೈಪ್ ಮಾಡಬೇಕು. ಒಂದು ಅಕ್ಷರ ತಪ್ಪಿದರೆ ಬೀಬ್ ‘ಮಿಸ್ಟೇಕ್’ ಎಂದು ಹೇಳಿ ಸುಮ್ಮನಾಗುತ್ತಿತ್ತು. ಸ್ಪೆಕ್ಟ್ರಮ್ಮಾದರೆ ‘ನಾನ್ಸೆನ್ಸ್ ಇನ್ ಬೇಸಿಕ್’ ಎಂದು ಗದರುತ್ತಿತ್ತು. ತಪ್ಪು ಹುಡುಕುತ್ತ ಕೂತವರು ಇನ್ನೊಬ್ಬರ ಪ್ರೋಗ್ರಾಮನ್ನು ಅಕ್ಷರ ಬಿಡದೆ ಓದುತ್ತಿದ್ದರು. ಆಮೇಲೆ ಶತ್ರುವಿನ ವೇಗ ಕಡಿಮೆ ಮಾಡಲು ಒಂದು ಸಂಖ್ಯೆ ಬದಲಿಸುವರು, ಇನ್ನೆರಡು ಜೀವ ಸೇರಿಸುವರು. ಕಲಿಕೆ ನಡೆಯುತ್ತಿದ್ದದ್ದು ಅಲ್ಲೇ. ಸಾವಿರಾರು ಮಂದಿ ಪ್ರೋಗ್ರಾಮರುಗಳು ಹೀಗೆ ಪತ್ರಿಕೆ ನಕಲು ಮಾಡುತ್ತಲೇ ತಯಾರಾದರು.

ನಮ್ಮ ಶಾಲೆಗಳಿಗೆ ಬಂದ ಬೀಬ್

1984–85ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯವೂ ಎಲೆಕ್ಟ್ರಾನಿಕ್ಸ್ ಇಲಾಖೆಯೂ ಜೊತೆಗೂಡಿ ‘ಕ್ಲಾಸ್’ ಎಂಬ ಯೋಜನೆ ಆರಂಭಿಸಿದವು. ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ಮೂಡಿಸುವುದು ಅದರ ಗುರಿ. ಮೊದಲ ಹಂತದಲ್ಲಿ ದೇಶದ ಬೇರೆ ಬೇರೆ ಭಾಗದ 250 ಶಾಲೆಗಳನ್ನು ಆರಿಸಲಾಯಿತು. ಅವುಗಳಿಗೆ ಬಂದದ್ದು ಇದೇ ಬಿಬಿಸಿ ಮೈಕ್ರೊ. ಶಿಕ್ಷಕರ ತರಬೇತಿಗೆ ವಿಶ್ವವಿದ್ಯಾಲಯ, ತಾಂತ್ರಿಕ ಸಂಸ್ಥೆಗಳು ಸಂಪನ್ಮೂಲ ಕೇಂದ್ರಗಳಾದವು. ಚಂಡೀಗಡದ ಪಕ್ಕದ ಮೊಹಾಲಿಯ ಸರ್ಕಾರಿ ಕಾರ್ಖಾನೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದೇ ಯಂತ್ರವನ್ನು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಇಲ್ಲೇ ಜೋಡಿಸಿತು.

ಆ ಕಾಲದ ಕಂಪ್ಯೂಟರ್ ಕೋಣೆಯನ್ನು ನೆನೆಯುವವರು ಮೊದಲು ಹೇಳುವುದು ಚಪ್ಪಲಿಯ ವಿಷಯ. ದೂಳು ಸೇರಬಾರದೆಂದು ಹೊರಗೇ ಬಿಟ್ಟು ಒಳಗೆ ಹೋಗಬೇಕು. ಕಿಟಕಿಗೆ ಪರದೆ, ಯಂತ್ರಕ್ಕೆ ಬಟ್ಟೆಯ ಮುಸುಕು. ನಾನು ಓದಿದ ಶಾಲೆಯಲ್ಲಿ ಅದರ ಹೊಣೆ ಗಣಿತದ ಮೇಷ್ಟ್ರದ್ದು. ಒಂದು ಯಂತ್ರಕ್ಕೆ ಮೂವರು. ಒಬ್ಬ ಪುಸ್ತಕ ಓದಿ ಹೇಳುವುದು, ಒಬ್ಬಳು ಟೈಪ್ ಮಾಡುವುದು, ಇನ್ನೊಬ್ಬರು ತಪ್ಪು ಹಿಡಿಯುವುದು. ಮೂರು ಸಾಲಿನ ‘ಫಾರ್–ನೆಕ್ಸ್ಟ್’ ಬರೆದು ಹದಿನೇಳರ ಮಗ್ಗಿಯನ್ನು ಪರದೆಯ ಮೇಲೆ ಸುರಿಸಿದ ದಿನ ಮೇಷ್ಟ್ರು ನಮಗಿಂತ ಹಿಗ್ಗಿದ್ದರು. ಮಗ್ಗಿ ಬಾಯಿಪಾಠ ಮಾಡುವುದು ಬೇರೆ, ಮಗ್ಗಿ ಹೇಗೆ ಹುಟ್ಟುತ್ತದೆಂದು ಯಂತ್ರಕ್ಕೆ ಹೇಳಿಕೊಡುವುದು ಬೇರೆ ಎಂದು ಅವರು ಹೇಳಿದ್ದು ನೆನಪಿದೆ. ನಡುವೆ ಕರೆಂಟು ಹೋದರೆ ಟೈಪ್ ಮಾಡಿದ್ದಷ್ಟೂ ಹೋಗುತ್ತಿತ್ತು. ಮುಂದಿನ ವಾರದ ಪೀರಿಯಡ್ಡಿಗೆ ಕಾಯುತ್ತ, ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಪ್ರೋಗ್ರಾಂ ಬರೆದು ಮನಸ್ಸಿನಲ್ಲೇ ಓಡಿಸಿ ನೋಡುವ ಅಭ್ಯಾಸ ಹತ್ತಿದ್ದು ಆ ಕೊರತೆಯಿಂದಲೇ.

ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಆದರೆ ಬರಿಸಲು ಒಂದು ಕಿಂಡಿಯಿತ್ತು. ‘ವಿಡಿಯು 23’ ಎಂಬ ಆಜ್ಞೆ ಕೊಟ್ಟರೆ ಎಂಟು ಅಡ್ಡಸಾಲು, ಎಂಟು ಕಂಬಸಾಲಿನ ಚೌಕದಲ್ಲಿ ನಮ್ಮದೇ ಅಕ್ಷರ ಬಿಡಿಸಬಹುದು. ಒಂದೊಂದು ಅಡ್ಡಸಾಲಿನ ಮನೆಗಳಿಗೂ ಎಡದಿಂದ ಬಲಕ್ಕೆ 128, 64, 32, 16, 8, 4, 2, 1 ಎಂದು ಬೆಲೆ. ತುಂಬಿದ ಮನೆಗಳ ಬೆಲೆ ಕೂಡಿದರೆ ಆ ಸಾಲಿನ ಸಂಖ್ಯೆ. ನಡುವಿನ ನಾಲ್ಕು ಮನೆ ತುಂಬಿದರೆ 60. ಚೌಕುಳಿ ಹಾಳೆಯಲ್ಲಿ ‘ರ’ ಬಿಡಿಸುವುದು ಸಲೀಸು, ‘ಕ’ಗೆ ತುಸು ಹೆಣಗಬೇಕು, ‘ಣ’ ಅಷ್ಟು ಸಣ್ಣ ಚೌಕದಲ್ಲಿ ಉಸಿರುಗಟ್ಟುತ್ತದೆ. ಒತ್ತಕ್ಷರ ಬೇಕೆಂದರೆ ಕೆಳಗಿನ ಸಾಲಿನಲ್ಲಿ ಇನ್ನೊಂದು ಚೌಕ. ಹೊಸ ಅಕ್ಷರಗಳಿಗೆ ಯಂತ್ರ ಸಲೀಸಾಗಿ ಬಿಟ್ಟುಕೊಡುವ ಸ್ಥಾನಗಳು 32 ಮಾತ್ರ, ನಮ್ಮ ವರ್ಣಮಾಲೆ ಅದಕ್ಕಿಂತ ದೊಡ್ಡದು. ಇಡೀ ಕನ್ನಡ ಅದರಲ್ಲಿ ಕೂರದು. ಆದರೂ ಎರಡರ ಘಾತಗಳು ಯಾಕೆ ಮುಖ್ಯ, ಪರದೆಯ ಮೇಲಿನ ಅಕ್ಷರ ಎಂದರೆ ಒಳಗೆ ಏನು ಎಂಬುದು ಈ ಒಂದು ಆಟದಿಂದ ತಿಳಿಯುವಷ್ಟು ಯಾವ ಪಾಠದಿಂದಲೂ ತಿಳಿಯದು.

‘ಕ್ಲಾಸ್’ ಯೋಜನೆ ಹೆಚ್ಚು ದೂರ ಹೋಗಲಿಲ್ಲ. ಭಾಷೆ ಇಂಗ್ಲಿಷ್, ಯಂತ್ರಗಳು ಕೆಲವೇ, ಕಲಿಸುವವರು ಇನ್ನೂ ಕೆಲವರು. ಬ್ರಿಟನ್ನಿನಲ್ಲೂ ಎಲ್ಲರಿಗೂ ಬಾಗಿಲು ತೆರೆದಿತ್ತೆಂದು ಹೇಳಲಾಗದು. ‘ಬಿ’ ಮಾದರಿಯ ಬೆಲೆ 399 ಪೌಂಡ್, ಆಗಿನ ದರದಲ್ಲಿ ಆರೂವರೆ ಸಾವಿರ ರೂಪಾಯಿಗಳ ಆಸುಪಾಸು. ದುಡಿಯುವ ವರ್ಗದ ಮನೆಗಳು ನೂರಿಪ್ಪತ್ತೈದು ಪೌಂಡಿನ ಸ್ಪೆಕ್ಟ್ರಮ್ಮಿಗೆ ಹೋದದ್ದು ಸಹಜ. ಜಾಹೀರಾತುಗಳಲ್ಲಿ ಕೀಲಿಮಣೆಯ ಮುಂದೆ ಕೂತವರು ಹೆಚ್ಚಾಗಿ ಹುಡುಗರು. ಬಿಬಿಸಿ ಬೇಸಿಕ್ಕನ್ನು ಬರೆದದ್ದು ಸೋಫಿ ವಿಲ್ಸನ್ ಎಂಬುದು ಇಂದಿನ ಹುಡುಗಿಯರಿಗಾದರೂ ತಿಳಿಯಬೇಕು ಎಂದು ನನಗೆ ಅನಿಸುತ್ತದೆ.

ಜೇಬಿನೊಳಗಿನ ಮೊಮ್ಮಗ

ಬೀಬ್ ಬಿಟ್ಟುಹೋದ ಆಸ್ತಿ ನಮ್ಮೆಲ್ಲರ ಜೇಬಿನಲ್ಲಿದೆ. 1983ರಲ್ಲಿ ಬೀಬ್‌ನ ಉತ್ತರಾಧಿಕಾರಿಗೆ ತಕ್ಕ ಪ್ರಾಸೆಸರ್ ಹುಡುಕುತ್ತ ವಿಲ್ಸನ್ ಮತ್ತು ಫರ್ಬರ್ ಅಮೆರಿಕದ ಅರಿಜೋನಾಕ್ಕೆ ಹೋದರು. ಅಲ್ಲಿ 6502ರ ಮುಂದಿನ ರೂಪವನ್ನು ಪುಟ್ಟದೊಂದು ತಂಡ ಸಾಧಾರಣ ಸಲಕರಣೆಗಳಿಂದ ವಿನ್ಯಾಸ ಮಾಡುತ್ತಿತ್ತು. ಇವರಿಗೆ ಆಗುವುದಾದರೆ ನಮಗೇಕೆ ಆಗದು ಎಂಬ ಧೈರ್ಯ ಹೊತ್ತು ಹಿಂತಿರುಗಿದರು. ಹೊಸ ಚಿಪ್ಪು ಹೇಗೆ ನಡೆದುಕೊಳ್ಳಬೇಕೆಂಬುದನ್ನು ವಿಲ್ಸನ್ ಮೊದಲು ಪರೀಕ್ಷಿಸಿದ್ದು ಬಿಬಿಸಿ ಬೇಸಿಕ್ಕಿನಲ್ಲಿ ಬರೆದ ಪ್ರೋಗ್ರಾಂ ಮೂಲಕ. 1985ರ ಏಪ್ರಿಲ್ 26ರಂದು ಮೊದಲ ಚಿಪ್ಪು ಬಂತು. ಬೀಬ್‌ಗೆ ಜೋಡಿಸಿದರು, ನಡೆಯಿತು. ಎಷ್ಟು ವಿದ್ಯುತ್ ಕುಡಿಯುತ್ತಿದೆ ಎಂದು ಫರ್ಬರ್ ಅಳೆಯಹೋದರೆ ಮೀಟರು ಸೊನ್ನೆ ತೋರಿಸಿತು. ಚಿಪ್ಪಿಗೆ ವಿದ್ಯುತ್ತಿನ ಸಂಪರ್ಕವೇ ಕೊಟ್ಟಿರಲಿಲ್ಲ. ಅಕ್ಕಪಕ್ಕದ ತಂತಿಗಳಿಂದ ಸೋರಿ ಬಂದಷ್ಟರಲ್ಲೇ ಅದು ಓಡುತ್ತಿತ್ತು. ಆ ಚಿಪ್ಪಿನ ಹೆಸರು ‘ಏಕಾರ್ನ್ ರಿಸ್ಕ್ ಮೆಷೀನ್’, ಚುಟುಕಾಗಿ ಆರ್ಮ್. ಇಂದು ಜಗತ್ತಿನ ಹೆಚ್ಚುಕಡಿಮೆ ಎಲ್ಲ ಮೊಬೈಲ್ ಫೋನುಗಳೂ ನಡೆಯುವುದು ಅದರ ಸಂತಾನದ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ಬೆಂಗಳೂರಿನಲ್ಲಿ ರೂಪಿಸಿದ ‘ಸಿಂಪ್ಯೂಟರ್’, ಅಂದರೆ ಓದುಬರಹ ಬಾರದವರಿಗೂ ನೆರವಾಗಲೆಂದು ಮಾಡಿದ ಆ ಕೈಗಣಕ, ಅದರೊಳಗಿದ್ದದ್ದೂ ಆರ್ಮ್ ವಂಶದ ‘ಸ್ಟ್ರಾಂಗ್‌ಆರ್ಮ್’ ಪ್ರಾಸೆಸರ್.

ಚಿಪ್ಪು ಗೆದ್ದಿತು, ಪಾಠ ಸೋತಿತು. ತೊಂಬತ್ತರ ದಶಕದಲ್ಲಿ ಬ್ರಿಟನ್ನಿನ ಶಾಲೆಗಳು ಬೀಬ್‌ಗಳನ್ನು ಮೂಲೆಗಿಟ್ಟು ವಿಂಡೋಸ್ ಯಂತ್ರಗಳಿಗೆ ಹೋದವು. ಕಂಪ್ಯೂಟರ್ ತರಗತಿ ಎಂದರೆ ಪತ್ರ ಟೈಪ್ ಮಾಡುವುದು, ಸ್ಲೈಡ್ ಜೋಡಿಸುವುದು ಎಂದಾಯಿತು. ನಮ್ಮಲ್ಲಿ ಇವತ್ತಿಗೂ ಎಷ್ಟೋ ಕಡೆ ಹಾಗೆಯೇ ಇದೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಲು ಬರುವವರು ಕಡಿಮೆಯಾದರು, ಬಂದವರಿಗೂ ಪ್ರೋಗ್ರಾಂ ಬರೆದು ರೂಢಿಯಿರಲಿಲ್ಲ ಎಂಬುದನ್ನು ಗಮನಿಸಿದವರಲ್ಲಿ ಎಬೆನ್ ಅಪ್ಟನ್ ಒಬ್ಬರು. ಬೀಬ್ ಮೇಲೆ ಕಲಿತವರು ಅವರು. 2012ರ ಫೆಬ್ರುವರಿ 29ರಂದು ಅವರ ತಂಡ ಹೊರತಂದ ಅಗ್ಗದ ಪುಟ್ಟ ಕಂಪ್ಯೂಟರ್ ‘ರಾಸ್‌ಬೆರಿ ಪೈ’ಯ ಎರಡು ಮಾದರಿಗಳಿಗೆ ‘ಎ’, ‘ಬಿ’ ಎಂದು ಹೆಸರಿಟ್ಟದ್ದು ಬೀಬ್‌ನ ಗೌರವಕ್ಕೆ. ಎಲೀಟ್ ಬರೆದ ಡೇವಿಡ್ ಬ್ರೇಬನ್ ಕೂಡ ಅದರ ಸ್ಥಾಪಕರಲ್ಲಿ ಒಬ್ಬರು. 2014ರಿಂದ ಇಂಗ್ಲೆಂಡಿನ ಶಾಲಾ ಪಠ್ಯಕ್ರಮಕ್ಕೆ ಪ್ರೋಗ್ರಾಮಿಂಗ್ ಮರಳಿತು.

ಉಳಿಸುವವರು

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಗೂಢಲಿಪಿ ಬಿಡಿಸಿದ ಬ್ಲೆಚ್ಲಿ ಪಾರ್ಕ್ ಆವರಣದಲ್ಲಿ ಈಗ ರಾಷ್ಟ್ರೀಯ ಕಂಪ್ಯೂಟಿಂಗ್ ವಸ್ತುಸಂಗ್ರಹಾಲಯವಿದೆ. ಅಲ್ಲೊಂದು ತರಗತಿಯ ತುಂಬ ಬೀಬ್‌ಗಳು. ಗಾಜಿನ ಪೆಟ್ಟಿಗೆಯಲ್ಲಿಟ್ಟದ್ದಲ್ಲ, ಶಾಲಾ ಮಕ್ಕಳು ಬಂದು ಕೂತು ಪ್ರೋಗ್ರಾಂ ಬರೆಯುತ್ತಾರೆ. ಕೇಂಬ್ರಿಜ್ಜಿನ ‘ಸೆಂಟರ್ ಫಾರ್ ಕಂಪ್ಯೂಟಿಂಗ್ ಹಿಸ್ಟರಿ’ಯಲ್ಲೂ ಮುಟ್ಟಿ ಬಳಸಲು ಬಿಡುತ್ತಾರೆ. ಹಳೆಯ ಯಂತ್ರ ಉಳಿಯುವುದು ಬಳಸಿದರೆ ಮಾತ್ರ ಎಂಬ ಅವರ ನಿಲುವು ಸರಿಯಾದದ್ದು.

ಯಂತ್ರ ಉಳಿದರೂ ಬರೆದದ್ದು ಉಳಿಯುತ್ತದೆಂಬ ಖಾತರಿಯಿಲ್ಲ. 1086ರ ‘ಡೂಮ್ಸ್‌ಡೇ’ ಎಂಬ ಭೂದಾಖಲೆಗೆ 900 ವರ್ಷ ತುಂಬಿದಾಗ ಬಿಬಿಸಿ ಹೊಸದೊಂದು ಡೂಮ್ಸ್‌ಡೇ ಮಾಡಿಸಿತು. ದೇಶವನ್ನು ನಾಲ್ಕು ಕಿಲೋಮೀಟರ್ ಅಗಲ, ಮೂರು ಕಿಲೋಮೀಟರ್ ಎತ್ತರದ ತುಂಡುಗಳಾಗಿ ಹಂಚಿಕೊಂಡು, ಶಾಲಾ ಮಕ್ಕಳು ತಮ್ಮ ತಮ್ಮ ಊರಿನ ವಿವರ ಬರೆದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡರು. ಅದೆಲ್ಲ ಲೇಸರ್ ಡಿಸ್ಕಿನಲ್ಲಿ ಸೇರಿತು. ಓದಲು ಬೀಬ್‌ನ ತಮ್ಮ ‘ಮಾಸ್ಟರ್’ ಮತ್ತು ವಿಶೇಷವಾದ ಒಂದು ಪ್ಲೇಯರ್ ಬೇಕು. ಇಪ್ಪತ್ತು ವರ್ಷ ಕಳೆಯುವ ಮೊದಲೇ ಅಂಥ ಪ್ಲೇಯರುಗಳು ಅಪರೂಪವಾದವು. ಚರ್ಮದ ಹಾಳೆಯ ಮೇಲಿನ ಮೂಲ ದಾಖಲೆಯನ್ನು ಓದುವುದು ಸುಲಭವಾಗಿತ್ತು. ಡಿಸ್ಕಿನಲ್ಲಿದ್ದದ್ದನ್ನು ಹೊರತೆಗೆಯಲು ತಜ್ಞರ ತಂಡಗಳೇ ದುಡಿಯಬೇಕಾಯಿತು.

ನಮ್ಮ ರಾಜ್ಯದಲ್ಲಿ ಯಾವುದಾದರೂ ಹಳೇ ಶಾಲೆಯ ಉಗ್ರಾಣದಲ್ಲಿ, ಯಾರದಾದರೂ ಮನೆಯ ಅಟ್ಟದಲ್ಲಿ ಕೆಂಪು ಕೀಲಿಗಳ ಸಾಲಿರುವ ತಿಳಿ ಬಣ್ಣದ ಬೀಬ್ ಅಥವಾ ‘ಯೂನಿಕಾರ್ನ್’ ಇನ್ನೂ ಇರಬಹುದು. ಮುಖ್ಯೋಪಾಧ್ಯಾಯರಲ್ಲಿ ನನ್ನ ಬಿನ್ನಹ: ಗುಜರಿಗೆ ಹಾಕುವ ಮೊದಲು ಒಮ್ಮೆ ತೆಗೆಸಿ ನೋಡಿ. ಸಿಕ್ಕಿದರೆ ನೇರವಾಗಿ ಕರೆಂಟಿಗೆ ಹಾಕಬೇಡಿ. ಪವರ್ ಸಪ್ಲೈಯೊಳಗಿನ ಹಳೆಯ ಕೆಪಾಸಿಟರುಗಳು ಬಿರುಕುಬಿಟ್ಟಿರುತ್ತವೆ, ಹೊಗೆಯೆದ್ದು ಸಿಡಿಯುತ್ತವೆ. ಟಿವಿ ರಿಪೇರಿ ಬಲ್ಲವರಿಂದ ಅವನ್ನು ಬದಲಿಸಿಕೊಂಡರೆ ಬಹುತೇಕ ಯಂತ್ರಗಳು ಮತ್ತೆ ನಡೆಯುತ್ತವೆ. ಯಂತ್ರ ಸಿಗದವರೂ ನಿರಾಶರಾಗಬೇಕಿಲ್ಲ. ಬೀಬ್‌ನ ನಡವಳಿಕೆಯನ್ನು ಹಾಗೆಯೇ ಅನುಕರಿಸುವ ಎಮ್ಯುಲೇಟರುಗಳು ಬ್ರೌಸರಿನಲ್ಲೇ ತೆರೆದುಕೊಳ್ಳುತ್ತವೆ. ಬಿಬಿಸಿಯ ಇಂಜಿನಿಯರ್ ಆಗಿದ್ದ ರಿಚರ್ಡ್ ರಸೆಲ್ ಬೆಳೆಸಿದ ಬಿಬಿಸಿ ಬೇಸಿಕ್ ಆಂಡ್ರಾಯ್ಡ್ ಫೋನಿಗೂ ಉಚಿತವಾಗಿ ಸಿಗುತ್ತದೆ. ಮನೆಯ ಮಗುವಿಗೆ ಮಗ್ಗಿ ಬರುವ ವಯಸ್ಸಾಗಿದ್ದರೆ ಇಷ್ಟು ಸಾಕು. ಒಂದು ರಜಾದಿನ ಪಕ್ಕದಲ್ಲಿ ಕೂತು, ಹದಿನೇಳರ ಮಗ್ಗಿಯನ್ನು ಅದರ ಕೈಯಿಂದಲೇ ಬರೆಸಿ.